ಹತ್ತಿ ಅಕ್ಕ, ಬಿಡ್ತೀನಿ

ಕೊಡಗಿನಲ್ಲಿ ಆರೋಗ್ಯಕ್ಕೆ ಅಂತ ನಡೆಯಲು ಹೊರಟರೆ ಮೊದಲು ಅಡ್ಡ ಬರುವುದು ನಮ್ಮ ಜನರ ಒಳ್ಳೆಯತನ.

ಮಡಿಕೇರಿಯಲ್ಲಿ ಓಂಕಾರೇಶ್ವರ ದೇವಸ್ಥಾನದ ಹತ್ತಿರದಿಂದ ರಾಜಾಸೀಟ್ ಕಡೆಗೆ ಏರು ಹತ್ತಿ ನೋಡಿ. ಹಿಂದಿನಿಂದ ಜೀಪು ಬಂದು ಪಕ್ಕದಲ್ಲೇ ನಿಲ್ಲುತ್ತದೆ. "ಹತ್ತಿ ಅಕ್ಕ, ಬಿಡ್ತೀನಿ." ಬೇಡ ಅಂದರೆ ಅವರಿಗೆ ಬೇಜಾರು. ವಾಕಿಂಗ್ ಮಾಡ್ತಾ ಇದ್ದೀನಿ ಅಂದರೆ ಅನುಮಾನ. ಮುಖ ನೋಡುತ್ತಾರೆ, ಚಪ್ಪಲಿ ನೋಡುತ್ತಾರೆ, ಮತ್ತೆ ಮುಖ ನೋಡುತ್ತಾರೆ. ಸಂಜೆಯೊಳಗೆ ಪೇಟೆಯಲ್ಲಿ ಮೂರು ಸುದ್ದಿ. ಕಾರು ಮಾರಿದ್ದಾರಂತೆ. ಯಜಮಾನರ ಜೊತೆ ಜಗಳವಂತೆ. ಶುಗರ್ ಬಂದಿದೆಯಂತೆ. ಮೂರನೆಯದನ್ನು ಹಬ್ಬಿಸಿದವರು ಒಂದು ಚೀಲ ಹಾಗಲಕಾಯಿಯನ್ನೂ ಕಳಿಸಿದ್ದರು. ಹಾಗಲಕಾಯಿ ಚೆನ್ನಾಗಿತ್ತು, ಅದು ಬೇರೆ ಮಾತು.

ನನಗೆ ಶುಗರ್ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಅಷ್ಟೇ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಡಿಕೇರಿಯಲ್ಲಿ ಅದಕ್ಕೆ ಜಿಮ್ ಯಾಕೆ ಬೇಕು ಹೇಳಿ. ಹಾಲು ತರಲು ಹೋದರೆ ಇಳಿಜಾರು, ವಾಪಸ್ ಬಂದರೆ ಏರು. ಬೇಕಾದ್ದು ಗಟ್ಟಿ ಕಾಲಲ್ಲ, ಯಾರು ಏನಂದರೂ ಕೇಳಿಸಿಕೊಳ್ಳದ ಕಿವಿ. ನನಗೆ ಅದು ಇರಲಿಲ್ಲ.

ಅದಕ್ಕೇ ಒಂದು ಬಟ್ಟೆ ಚೀಲ ಹಿಡಿದು ಹೊರಟೆ. ಕೈಯಲ್ಲಿ ಚೀಲ ಇದ್ದರೆ ಏನೋ ಕೆಲಸದ ಮೇಲೆ ಹೊರಟಿದ್ದಾರೆ ಅಂತ ಲೆಕ್ಕ. ಮರ್ಯಾದೆ ಉಳಿಯುತ್ತದೆ. ಆದರೆ ಖಾಲಿ ಚೀಲ ಕಂಡರೆ ನಮ್ಮ ಬೀದಿಯವರಿಗೆ ಸುಮ್ನೆ ಇರಲು ಆಗುವುದಿಲ್ಲ. "ಹೇಗೂ ಹೋಗ್ತಾ ಇದ್ದೀರಲ್ಲ, ಅರ್ಧ ಕೇಜಿ ಈರುಳ್ಳಿ ಹಾಕಿಸ್ಕೊಂಡು ಬನ್ನಿ." ಅವರು ಬಿಟ್ಟರೆ ಇವರು. ಒಂದು ಶುಕ್ರವಾರ ಸಂತೆಯಿಂದ ಬರುವಾಗ ಆ ಚೀಲದಲ್ಲಿ ನಾಲ್ಕು ಮನೆಯ ತರಕಾರಿ, ಒಂದು ಕುಂಬಳಕಾಯಿ, ಕಾಗದದಲ್ಲಿ ಸುತ್ತಿದ್ದರೂ ಊರಿಗೆಲ್ಲ ಗೊತ್ತಾಗುವಂಥ ಒಣಮೀನು. ಚೀಲದ ಕಿವಿ ಬೆರಳನ್ನು ಕೊಯ್ಯುತ್ತಿತ್ತು. ಯಾರಾದರೂ ಹತ್ತಿ ಅಕ್ಕ ಅನ್ನಲಿ ಅಂತ ಹಿಂದೆ ಹಿಂದೆ ನೋಡುತ್ತಾ ಬಂದೆ. ಅವತ್ತು ಮಾತ್ರ ಒಂದು ಜೀಪೂ ನಿಲ್ಲಲಿಲ್ಲ. ಅಕ್ಕ ವಾಕಿಂಗ್‌ನಲ್ಲಿದ್ದಾರೆ, ತೊಂದರೆ ಕೊಡಬಾರದು ಅಂತ ಕೈ ಬೀಸಿಕೊಂಡು ಹೋದರು. ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳಿಗೆ ಕೆಲಸ ಕೊಡಿ ಅಂತಲೂ ಅದೇ ಸಂಸ್ಥೆ ಹೇಳಿದೆಯಲ್ಲ, ಆ ಲೆಕ್ಕವೂ ಸರಿಹೋಯಿತು.

ಮಗಳು ಹೆಜ್ಜೆ ಎಣಿಸುವ ವಾಚು ತಂದುಕೊಟ್ಟಳು. ದಿನಕ್ಕೆ 10,000 ಆಗಲೇಬೇಕಂತೆ. ಈ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕವಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಇಟ್ಟ ಹೆಸರಿನಿಂದ ಹಬ್ಬಿದ್ದು. ಇದನ್ನು ಮಗಳಿಗೆ ಹೇಳಿದೆ. "ನೆಪ ಹುಡುಕ್ಬೇಡ ಅಮ್ಮ" ಅಂದಳು. ಜೂನ್ ಬಂತು. ನಮ್ಮ ಮಳೆ ಗೊತ್ತಲ್ವಾ, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಸಾಕ್ಸಿಗೆ ಹೊಗೆ ವಾಸನೆ ಹಿಡಿಯುತ್ತದೆಯೇ ಹೊರತು ಅದು ಒಣಗುವುದಿಲ್ಲ. ಹೊರಗೆ ಕಾಲಿಟ್ಟರೆ ಜಿಗಣೆ. ಹಾಗೆ ಮನೆಯಲ್ಲೇ ಇದ್ದ ಒಂದು ಬೆಳಿಗ್ಗೆ ಬಾಳೆಲೆ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ವಾಚು ಗುಂಯ್ ಅಂದು ಶಹಬ್ಬಾಸ್ ಹೇಳಿತು. ನಿಂತ ಜಾಗ ಬಿಟ್ಟು ನಾನು ಕದಲಿರಲಿಲ್ಲ. ವಾಚಿನ ಮೇಲೆ ಗೌರವ ಕಡಿಮೆಯಾಯಿತು, ರೊಟ್ಟಿ ಮೇಲೆ ಜಾಸ್ತಿಯಾಯಿತು.

ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿಗೆ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಅಲ್ಲಿಂದ ಈಚೆಗೆ ನಮ್ಮ ಜಿಲ್ಲೆಯಲ್ಲಿ ನಲವತ್ತು ದಾಟಿದವರು 'ವಯಸ್ಸಾಯ್ತು' ಅನ್ನುವ ಹಾಗಿಲ್ಲ. ನಮ್ಮ ಯಜಮಾನರು ಇದನ್ನು ಸೋಫಾ ಮೇಲೆ ಮಲಗಿಕೊಂಡು ಹೇಳುತ್ತಾರೆ.

ಅವರ ಸ್ನೇಹಿತರೊಬ್ಬರು ಬೆಂಗಳೂರಿನಿಂದ ಬಂದಿದ್ದರು. ಬಹಳ ಶಿಸ್ತಿನ ಮನುಷ್ಯ. ನೀರನ್ನೂ ಅಳೆದು ಕುಡಿಯುತ್ತಾರೆ. ಬಂದದ್ದು ಆಗಸ್ಟ್ 3ಕ್ಕೆ. ಅಂದರೆ ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಅತ್ತೆ ಪಾಯಸ ಮಾಡಿದ್ದರು. ಔಷಧಿ ಗುಣ ಅಂತ ಕೇಳಿದ್ದೇ ತಡ, ಆ ಪುಣ್ಯಾತ್ಮರು ಮೂರು ಬಟ್ಟಲು ತಿಂದರು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಹೊರಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ತಿಂಡಿ ಬೇಡ, ಇವತ್ತು ಉಪವಾಸ ಅಂದರು. ಅಳತೆ ಗಿಳತೆ ಮರೆತು ಚೆಂಬುಗಟ್ಟಲೆ ನೀರು ಕುಡಿದರು. ಮತ್ತೆ ಬಚ್ಚಲಿಗೆ ಹೋದರು, ಮತ್ತೆ ಅದೇ ಮುಖ. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತು ಏನೇನೋ ಓದಿದರು. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ, "ಇಲ್ಲಿ ಒಳ್ಳೆ ಲ್ಯಾಬ್ ಯಾವುದಿದೆ ಅತ್ತಿಗೆ?" ಯಾಕೆ ಅಂದೆ. "ಹೀಗೇ, ಜನರಲ್ ಚೆಕಪ್."

ಅತ್ತೆಗೆ ಕಿವಿ ಮಂದ. ಆದರೆ ಇಂಥದ್ದು ಹೇಗೋ ಕೇಳಿಸಿಬಿಡುತ್ತದೆ. ಒಲೆಯ ಹತ್ತಿರದಿಂದಲೇ, ಕೆಲಸಕ್ಕೆ ಬಂದಿದ್ದ ಪ್ಲಂಬರ್‌ಗೂ ಕೇಳುವ ಹಾಗೆ ಕೂಗಿದರು: "ಕೆಂಪಗೆ ಹೋಯ್ತಾ ಮಗಾ? ಹೋದ್ರೆ ಒಳ್ಳೇದು, ಮದ್ದು ಮೈಗೆ ಹಿಡಿದಿದೆ!"

ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ. ಕೊಡಗಿನ ಮಕ್ಕಳಿಗೂ ಗೊತ್ತಿರುವ ವಿಷಯ, ಹಾಗಾಗಿ ಅವರಿಗೆ ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಒಂದು ಮಾತು ಮಾತ್ರ ನಿಜ. ಅವರು ನಾಚಿಕೊಂಡೇ ಆದರೂ ಲ್ಯಾಬ್ ಎಲ್ಲಿ ಅಂತ ಕೇಳಿದರಲ್ಲ, ನಮ್ಮ ಯಜಮಾನರಾಗಿದ್ದರೆ ಸೋಫಾದಲ್ಲೇ ಕೂತು ದೇವರಿಗೆ ಹರಕೆ ಹೊರುತ್ತಿದ್ದರು. ಸೊಪ್ಪು ತಿನ್ನದ ದಿನ ಹೀಗಾದರೆ ಸೀದಾ ಡಾಕ್ಟರ ಹತ್ತಿರ ಹೋಗಬೇಕು ಅಂತ ಅತ್ತೆಯೂ ಗದರಿಸಿದರು.

ಅತಿಥಿಗಳು ಉಪವಾಸ ಮುರಿದು ಐದು ರೊಟ್ಟಿ ತಿಂದರು. ಹೊರಡುವಾಗ ಮದ್ದುಸೊಪ್ಪಿನ ಒಂದು ಕಟ್ಟು ಕೇಳಿ ಪೇಪರಿನಲ್ಲಿ ಸುತ್ತಿಸಿಕೊಂಡರು. ಆಫೀಸಿನ ಮ್ಯಾನೇಜರಿಗಂತೆ. ಹೇಗೆ ಮಾಡಬೇಕು ಅಂತ ಅತ್ತೆಯಿಂದ ಪೂರ್ತಿ ಬರೆಸಿಕೊಂಡು, ಕಾರು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

"ಅವರು ಫೋನ್ ಮಾಡಿದ್ರೆ, ಆ ಕೆಂಪಿನ ವಿಷಯ ಮಾತ್ರ ಹೇಳ್ಬೇಡಿ ಅತ್ತಿಗೆ."