ಒಲೆಯಿಲ್ಲದ ಪಾಕ

ನಮ್ಮನೆ ಪುಸ್ತಕಗಳು ಬೀಳುವುದು ರಾತ್ರಿ ಎರಡು ಗಂಟೆಗೇ. ಹಗಲೆಲ್ಲ ಸೊಟ್ಟಗೆ ಒರಗಿಕೊಂಡು ಸುಮ್ನೆ ನಿಂತಿರುತ್ತವೆ. ಎಲ್ಲರೂ ಮಲಗಿ, ಮಳೆ ಸ್ವಲ್ಪ ಹೊಳವಾದ ಮೇಲೆ ತುದಿಯ ನಿಘಂಟು ಜಾರಿ 'ಧಡ್' ಎನ್ನುತ್ತದೆ. ಅದರ ಹಿಂದೆಯೇ ಉಳಿದವು. ಒಳಕೋಣೆಯಿಂದ ಅತ್ತೆ ಕೂಗುತ್ತಾರೆ, "ಬೆಕ್ಕು ಬಂತು ನೋಡೇ, ಹಾಲು ಮುಚ್ಚಿದೀಯಾ?" ಬೆಕ್ಕು ಸತ್ತು ಆರು ವರ್ಷವಾಯಿತು. ಬೈಗುಳ ಇನ್ನೂ ಅದಕ್ಕೇ.

ಪುಸ್ತಕದ ಸಾಲಿಗೆ ಎರಡೂ ತುದಿಯಲ್ಲಿ ಒತ್ತು ಕೊಡುವ ಸಾಮಾನಿಗೆ ಬುಕ್‌ಎಂಡ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬಹುದು ಅಂತ ಬಿದ್ದ ನಿಘಂಟನ್ನೇ ಎತ್ತಿ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಅದಾದರೂ ನೆಟ್ಟಗೆ ನಿಲ್ಲುತ್ತಿತ್ತೇನೋ.

ತಂಗಿ ಒಂದು ಫೋಟೋ ಕಳಿಸಿದಳು. ಗಾಜಿನಂಥ ದಪ್ಪ ತುಂಡು, ಒಳಗೆ ಜರೀಗಿಡದ ಎಲೆ ತೇಲುತ್ತಿದೆ. ಎಪಾಕ್ಸಿ ರೆಸಿನ್ ಅನ್ನುವ, ಅಚ್ಚಿಗೆ ಸುರಿದು ಗಟ್ಟಿ ಮಾಡುವ ಪ್ಲಾಸ್ಟಿಕ್ ದ್ರವದಲ್ಲಿ ಮಾಡಿದ ಬುಕ್‌ಎಂಡ್. ರೇಟು ನೋಡಿ, ಇದನ್ನು ನಾವೇ ಮಾಡಬಹುದಲ್ಲ ಅನ್ನಿಸಿತು. ಹಿಂದೆ ಸ್ನಾನದ ಮನೆಯಲ್ಲಿ ಅಣಬೆ ಬೆಳೆದಾಗಲೂ ಹೀಗೇ ಅನ್ನಿಸಿತ್ತು.

ಒಂದೂವರೆ ಕೆ.ಜಿ. ರೆಸಿನ್, ಎರಡು ಸಿಲಿಕೋನ್ ಅಚ್ಚು, ಕೈಗವಸು, ಎಲ್ಲ ಪಾರ್ಸೆಲ್ ಬಂತು. ಬಂದದ್ದು ಪುನರ್ವಸು ಮಳೆಯಲ್ಲಿ. ಚಿಕ್ಕಮಗಳೂರಿನ ಜುಲೈ ಹೇಗಿರುತ್ತದೆ ಅಂತ ಗೊತ್ತಿರುವವರು ಆ ಪಾರ್ಸೆಲ್ಲನ್ನು ಹಾಗೇ ಅಟ್ಟಕ್ಕೆ ಹಾಕುತ್ತಿದ್ದರು. ನಾನು ಹುಟ್ಟಿ ಬೆಳೆದದ್ದೇ ಈ ಮಳೆಯಲ್ಲಿ. ಆದರೂ ಕತ್ತರಿ ಹುಡುಕಿದೆ.

ಡಬ್ಬದ ಮೇಲೆ 'ಕ್ಯೂರಿಂಗ್ 24 ಗಂಟೆ' ಎಂದಿತ್ತು. ನಮ್ಮವರು ಕನ್ನಡಕ ಏರಿಸಿ ಓದಿ, "ಇದನ್ನೂ ಕ್ಯೂರಿಂಗ್‌ಗೆ ಕಳಿಸಬೇಕಾ ಮಾರಾಯ್ತಿ?" ಎಂದರು. ಅವರ ತಪ್ಪಲ್ಲ. ನಮ್ಮೂರಲ್ಲಿ ಕ್ಯೂರಿಂಗ್ ಅಂದರೆ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಜಾಗ. ಇದು ಹಾಗಲ್ಲ, ರೆಸಿನ್ ಒಂದು ಬಾಟಲಿ, ಹಾರ್ಡ್‌ನರ್ ಇನ್ನೊಂದು ಬಾಟಲಿ, ಎರಡೂ ಸೇರಿದರೆ ತಾನಾಗಿಯೇ ಗಟ್ಟಿಯಾಗುತ್ತದೆ ಅಂತ ವಿವರಿಸಿದೆ. ಮಣೆ ಮೇಲೆ ಕೂತಿದ್ದ ಅತ್ತೆ ಕೇಳಿಸಿಕೊಂಡು, "ಓ, ಪಾಕ" ಎಂದರು. ಅಲ್ಲಿಂದ ಮುಂದೆ ಮನೆಯಲ್ಲಿ ಅದರ ಹೆಸರು ಪಾಕ ಅಂತಲೇ ಆಯಿತು.

ಅಳತೆ ತೂಕದಲ್ಲಿ ಎರಡಕ್ಕೆ ಒಂದು. ಅಡಿಗೆಮನೆ ತಕ್ಕಡಿ ಮೇಲೆ ಐಸ್‌ಕ್ರೀಮ್ ಡಬ್ಬ ಇಟ್ಟು ನಾನೂರು ಗ್ರಾಂ ರೆಸಿನ್, ಇನ್ನೂರು ಗ್ರಾಂ ಹಾರ್ಡ್‌ನರ್ ಸುರಿದೆ. ಗುಳ್ಳೆ ಏಳಬಾರದು ಅಂತ ಐದು ನಿಮಿಷ ನಿಧಾನವಾಗಿ ತಿರುವಿದೆ. ಇಷ್ಟರವರೆಗೂ ಎಲ್ಲ ಸರಿ. ಆಗ ತಂಗಿ ಫೋನ್ ಮಾಡಿದಳು. ಅವಳ ಓರಗಿತ್ತಿಯ ವಿಷಯ. ಅದು ಮುಕ್ಕಾಲು ಗಂಟೆಗೆ ಕಡಿಮೆ ಮುಗಿಯುವ ವಿಷಯವಲ್ಲ.

ಎರಡೂ ಸೇರುವಾಗ ಬಿಸಿ ಹುಟ್ಟುತ್ತದೆ. ಅಚ್ಚಿನಲ್ಲಿ ತೆಳ್ಳಗೆ ಹರಡಿದ್ದರೆ ಬಿಸಿ ಆರಿಹೋಗುತ್ತದೆ. ಡಬ್ಬದಲ್ಲಿ ಒಟ್ಟಿಗೇ ಬಿಟ್ಟರೆ ಬಿಸಿಗೆ ಹೋಗಲು ದಾರಿ ಇಲ್ಲ. ಬಿಸಿ ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದಷ್ಟೂ ಇನ್ನೂ ಬಿಸಿ. ಇದೆಲ್ಲ ನಾನು ಆಮೇಲೆ ಓದಿದ್ದು. ಆಗ ನೋಡಿದ್ದು ಇಷ್ಟೇ: ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ, ಮೂಗಿಗೆ ಸೆರಗು, ಹಿಂದೆ ಹೊಗೆ. "ಎಪ್ಪತ್ತೆಂಟು ವರ್ಷ ಆಯ್ತು ಕಣೇ ನಂಗೆ. ಒಲೆ ಇಲ್ಲದೆ ಕುದಿಯೋ ಪಾಕ ಇವತ್ತೇ ನೋಡಿದ್ದು."

ಡಬ್ಬ ಮೆತ್ತಗಾಗಿ ಕುಕ್ಕರಿಸಿಕೊಂಡಿತ್ತು. ನಮ್ಮವರು ಮಸಿಬಟ್ಟೆ ಹಿಡಿದು ತಕ್ಕಡಿ ಸಮೇತ ಎತ್ತಿಕೊಂಡು ಹಿತ್ತಲಿಗೆ ಓಡಿದರು. ಮಳೆಯಲ್ಲಿ ಅದು ತಣ್ಣಗಾದ ಮೇಲೆ ಡಬ್ಬವನ್ನೂ ತಕ್ಕಡಿಯನ್ನೂ ಬೇರೆ ಮಾಡಲು ಆಗಲಿಲ್ಲ. ಎಷ್ಟೋ ದಿನ ಆ ತಕ್ಕಡಿ ಆನ್ ಮಾಡಿದರೆ 712 ಗ್ರಾಂ ಅಂತಲೇ ತೋರಿಸುತ್ತಿತ್ತು.

ಎರಡನೇ ಸಲ ಬುದ್ಧಿ ಬಂದಿತ್ತು. ತಕ್ಕಡಿ ಮಾತ್ರ ಇರಲಿಲ್ಲ. ಮಗನ ಕೆಮ್ಮಿನ ಔಷಧಿಯ ಮುಚ್ಚಳ ತಗೊಂಡು ಎರಡು ಮುಚ್ಚಳ ಇದು, ಒಂದು ಮುಚ್ಚಳ ಅದು ಅಂತ ಅಳೆದೆ. ಒಳಗೆ ಇಡಲು ತವರಿನ ತೋಟದಿಂದ ಕಾಫಿ ಕಾಯಿ ತರಿಸಿದ್ದೆ. ಜುಲೈಯಲ್ಲಿ ಹಣ್ಣು ಎಲ್ಲಿ ಬರಬೇಕು? ಮಳೆಗೆ ಉದುರಿದ ಹಸಿರು ಕಾಯಿ. ಅಣ್ಣ ಫೋನಿನಲ್ಲೇ ರೇಗಿದ, "ಇಲ್ಲಿ ಕಾಯಿ ಉದುರ್ತಾ ಇದೆ ಅಂತ ನಾನು ತಲೆ ಚಚ್ಚಿಕೊಳ್ತಿದ್ರೆ ನಿಂಗೆ ಅದ್ರಲ್ಲಿ ಶೋಕಿ."

ಗುಳ್ಳೆ ಒಡೆಯಲು ಮೇಲೆ ಲೈಟರಿನ ಉರಿ ಒಮ್ಮೆ ಆಡಿಸಬೇಕಂತೆ. ಮಗ ಗ್ಯಾಸಿನ ಲೈಟರ್ ತಂದು ಹತ್ತು ನಿಮಿಷ ಟಕ್ ಟಕ್ ಎನ್ನಿಸಿದ. ಕಿಡಿ ಬಂತು, ಉರಿ ಬರಲಿಲ್ಲ. ಆಗ ನಮ್ಮವರು ಏನೂ ಮಾತಾಡದೆ ಹೊರಗೆ ಹೋಗಿ ಸ್ಕೂಟರ್ ಡಿಕ್ಕಿಯಿಂದ ಸಿಗರೇಟು ಲೈಟರ್ ತಂದುಕೊಟ್ಟರು. ಅವರು ಸಿಗರೇಟು ಬಿಟ್ಟು ಹನ್ನೊಂದು ವರ್ಷವಾಗಿದೆ. ಅಂತ ನಾನು ತಿಳಿದುಕೊಂಡಿದ್ದೆ. ಆ ಸಂಜೆ ರೆಸಿನ್ ಬಗ್ಗೆ ಮಾತು ಮುಂದುವರಿಯಲಿಲ್ಲ.

ಇಪ್ಪತ್ನಾಲ್ಕು ಗಂಟೆ ಆಯಿತು. ನಲವತ್ತೆಂಟು ಆಯಿತು. ಪಾಕ ಬೆರಳಿಗೆ ಅಂಟುತ್ತಲೇ ಇತ್ತು. ಮೇಲೆ ಎಣ್ಣೆ ಸವರಿದಂತೆ ಬಿಳಿ ಪೊರೆ. ನಮ್ಮವರು ಬೂಷ್ಟು ಎಂದರು. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಉಪ್ಪಿನಕಾಯಿಗೆ ಬೂಷ್ಟು ಬಂದಿದ್ದ ಹೊತ್ತು, ನಂಬಿದೆ. ಆದರೆ ಅದು ಗಾಳಿಯ ತೇವಕ್ಕೆ ಹಾರ್ಡ್‌ನರ್ ಬಿಡುವ ಪೊರೆ, ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದರೆ ಹೋಗುತ್ತದೆ. ಪೊರೆಯೇನೋ ಹೋಯಿತು, ಅಂಟು ಹೋಗಲಿಲ್ಲ. ಹಸಿ ಕಾಯಿಗಳೋ, ಒಳಗಿನ ನೀರೆಲ್ಲ ಬಿಟ್ಟು ಸುತ್ತ ಮಂಜು ಕವಿಸಿಕೊಂಡು ಕಂದು ಬಣ್ಣಕ್ಕೆ ತಿರುಗಿದ್ದವು. ಕಣದಲ್ಲಿ ದಿನಗಟ್ಟಲೆ ಒಣಗಿಸಿದ ಕಾಫಿಯಲ್ಲೇ ನೂರಕ್ಕೆ ಹತ್ತರಷ್ಟು ನೀರು ಉಳಿದಿರುತ್ತದೆ. ಹಸಿ ಕಾಯಿ ಹಾಕಿದವಳಿಗೆ ಏನು ಹೇಳುವುದು?

ಅಂಟಿನ ಗುಟ್ಟು ಬಿಡಿಸಿದ್ದು ಅತ್ತೆ. ಮುಚ್ಚಳ ನೋಡಿ ಕೇಳಿದರು, "ಒಂದು ಸೇರು ಅಕ್ಕಿ, ಒಂದು ಸೇರು ಅವಲಕ್ಕಿ, ಎರಡೂ ಒಂದೇ ತೂಕವೇನೇ?" ಅಷ್ಟೇ. ರೆಸಿನ್ ಭಾರ, ಹಾರ್ಡ್‌ನರ್ ಹಗುರ. ತೂಕದ ಲೆಕ್ಕವನ್ನು ಮುಚ್ಚಳದಲ್ಲಿ ಅಳೆದರೆ ಹಾರ್ಡ್‌ನರ್ ಕಡಿಮೆ ಬೀಳುತ್ತದೆ. ಜೊತೆ ಸಿಗದ ರೆಸಿನ್ ಹಾಗೇ ಅಂಟಾಗಿ ಉಳಿಯುತ್ತದೆ. ಬಿ.ಎಸ್ಸಿ. ಮಾಡಿದವಳು ನಾನು.

ಮೂರನೇ ಸಲಕ್ಕೆ ಅತ್ತೆಯೇ ಮುಂದೆ ನಿಂತರು. ಕೈಗವಸು ಬೇಡ ಎಂದರು, ಮೈ ಕೆರೆತ ಬರುತ್ತದೆ ಅಂದ ಮೇಲೆ ಹಾಕಿಕೊಂಡರು. ಕಿಟಕಿ ತೆಗೆದರೆ ಥಂಡಿ, ಮುಚ್ಚಿದರೆ ವಾಸನೆ. ಅದಕ್ಕೆ ಹೊಳವಾದ ದಿನವೇ ಮಾಡುವುದು ಅಂತ ತೀರ್ಮಾನವಾಯಿತು. ನಮ್ಮ ತಾರಸಿಯಿಂದ ಮುಳ್ಳಯ್ಯನಗಿರಿ ಕಂಡ ದಿನ ಪಾಕ, ಕಾಣದ ದಿನ ಇಲ್ಲ. 1,930 ಮೀಟರ್ ಎತ್ತರದ ತೇವಾಂಶ ಮಾಪಕ ಬೇರೆ ಯಾರ ಮನೆಯಲ್ಲಿದೆ? ಹನ್ನೆರಡು ದಿನ ಕಾಯಿಸಿತು.

ಆ ದಿನ ಅತ್ತೆ ಎರಡೂ ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರು. "ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿ ಆದ್ರೆ ಏನ್ಮಾಡ್ತೀವಿ?" ನಿಜ, ಬೆಚ್ಚಗಾದ ರೆಸಿನ್ ನೀರಿನಂತೆ ಹರಿಯಿತು, ಗುಳ್ಳೆ ಅರ್ಧಕ್ಕರ್ಧ ಕಡಿಮೆ. ಪಕ್ಕದ ಮನೆಯಿಂದ ತಕ್ಕಡಿ ತಂದೆ. ಯಾಕೆ ಅಂತ ಹೇಳಲಿಲ್ಲ. ಈ ಸಲ ಒಳಗೆ ಹುರಿದ ಕಾಫಿ ಬೀಜ. ಒಟ್ಟಿಗೆ ಸುರಿದಿದ್ದರೆ ಅಷ್ಟೂ ಮೇಲೆ ತೇಲುತ್ತಿದ್ದವು, ಹುರಿದ ಬೀಜ ಅಷ್ಟು ಹಗುರ. ಒಂದು ಸೆಂಟಿಮೀಟರ್ ಪಾಕ, ಮೇಲೆ ಬೀಜ, ಅದು ಹಿಡಿದುಕೊಂಡ ಮೇಲೆ ಇನ್ನೊಂದು ಪದರ. ಮಧ್ಯೆ ದೀಪಕ್ಕೆ ಬಂದ ಹುಳ ಒಂದು ಬಿತ್ತು. ತೆಗೆಯಲು ಹೋದರೆ ರೆಕ್ಕೆ ಒಳಗೇ ಉಳಿಯಿತು. ಮಗನಿಗೆ ಬುಕ್‌ಎಂಡಿನಲ್ಲಿ ಇಷ್ಟವಾದ ಭಾಗ ಅದೊಂದೇ.

ನಮ್ಮ ಹಳೇ ಮನೆಯ ನೆಲ ಬಚ್ಚಲ ಕಡೆಗೆ ಇಳಿಜಾರು ಅಂತ ಗೊತ್ತಾದದ್ದು ಅಚ್ಚು ಬಿಚ್ಚಿದಾಗ. ಎರಡೂ ಒಂದು ಕಡೆ ವಾಲಿಕೊಂಡಿದ್ದವು. ಇರಲಿ, ಗಟ್ಟಿಯಾಗಿದ್ದವು. ಹೊಳೆಯುತ್ತಿದ್ದವು. ಒಂದು ವಾರ ಪೂರ್ತಿ ಗಟ್ಟಿಯಾಗಲು ಬಿಟ್ಟು ಪುಸ್ತಕದ ಎರಡೂ ಬದಿಗೆ ಇಟ್ಟು, ನೆಮ್ಮದಿಯಾಗಿ ಮಲಗಿದೆ.

ಎರಡು ಗಂಟೆಗೆ ಧಡ್.

"ಬೆಕ್ಕು!" ಅತ್ತೆ.

ರೆಸಿನ್ ನೀರಿಗಿಂತ ಚೂರು ಭಾರ, ಅಷ್ಟೇ. ನನ್ನ ತುಂಡು ನಾನೂರು ಗ್ರಾಂ ಕೂಡ ಇರಲಿಲ್ಲ. ನಿಘಂಟು ಒಂದೇ ಎರಡು ಕೆ.ಜಿ. ಮಾರ್ಕೆಟ್ ರಸ್ತೆಗೆ ತರಕಾರಿಗೆ ಹೋದಾಗ ದಾರಿಯ ಗ್ರಿಲ್ ಅಂಗಡಿಯವರಿಗೆ ತೋರಿಸಿದೆ. ಅವರು ಕೈಯಲ್ಲಿ ತೂಗಿ ನೋಡಿ, "ಅಕ್ಕ, ಇದಕ್ಕೆ ಭಾರ ಬೇಡ, ತಗಡು ಬೇಕು" ಎಂದು ಎಲ್ ಆಕಾರದಲ್ಲಿ ಎರಡು ತಗಡು ಬಗ್ಗಿಸಿಕೊಟ್ಟರು. ತಗಡಿನ ಅಡಿಭಾಗ ಪುಸ್ತಕಗಳ ಕೆಳಗೆ ಹೋಗುತ್ತದೆ. ಪುಸ್ತಕದ ಭಾರ ತಗಡನ್ನು ಒತ್ತಿ ಹಿಡಿಯುತ್ತದೆ, ತಗಡು ಪುಸ್ತಕವನ್ನು ತಡೆಯುತ್ತದೆ. ಅಂದರೆ ಪುಸ್ತಕ ನಿಲ್ಲಿಸಲು ರೆಸಿನ್ ಬೇಕಾಗಿಯೇ ಇರಲಿಲ್ಲ, ಅಲ್ವಾ? ಈ ಮಾತನ್ನು ನಾನು ಮನೆಯಲ್ಲಿ ಹೇಳಿಲ್ಲ. ತಗಡಿಗೆ ನನ್ನ ತುಂಡು ಅಂಟಿಸಿ ತಂದು ಇಟ್ಟೆ. ಆಮೇಲೆ ಬೆಕ್ಕು ಬರಲಿಲ್ಲ.

ಗೌರಿ ಹಬ್ಬಕ್ಕೆ ಕೊಠಡಿ ತೊಳೆಯುವಾಗ ಒಂದು ತುಂಡು ತಗಡಿನಿಂದ ಬಿಟ್ಟುಕೊಂಡಿತು. ಮತ್ತೆ ಅಂಟಿಸೋಣ ಅಂತ ಊಟದ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಇಟ್ಟಿದ್ದೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹಿಂದಿನ ಬೀದಿಯವರೊಬ್ಬರು ಅದನ್ನೇ ನೋಡುತ್ತಾ ನಿಂತರು. ಕಂದು ಬಣ್ಣ, ಒಳಗೆ ಬೀಜ, ಹೊಳಪು.

"ಇದ್ಯಾವ ಸ್ವೀಟು? ಕಾಫಿ ಹಲ್ವಾನಾ?" ಎಂದರು. "ಚೆನ್ನಾಗಿ ಬಂದಿದೆ. ಮಕ್ಕಳಿಗೆ ಒಂದು ತುಂಡು ಕಟ್ಟಿಕೊಡಿ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ತಾಂಬೂಲದ ತಟ್ಟೆ ಅವರ ಕೈಗಿಟ್ಟರು.

"ಕೊಡ್ತಿದ್ದೆ ಕಣಮ್ಮ. ಚಾಕು ಹೋಗಲ್ಲ. ನನ್ನ ಸೊಸೆ ಮಾಡಿದ್ದು."