ಇಂಜಿನ್ ನೋಡಿ ದೋಣಿ ಕೊಂಡವನ ಲೆಕ್ಕ

ಕಳೆದ ನವೆಂಬರಿನಲ್ಲಿ ನಾನು 62,000 ರೂಪಾಯಿ ಕೊಟ್ಟು ಹದಿನೆಂಟು ಅಡಿ ಉದ್ದದ ಹಳೆಯ ಫೈಬರ್ ದೋಣಿಯೊಂದನ್ನು, ಅದರ ಜೊತೆಗೇ ಬಂದ, ಹಿಂಬದಿಗೆ ಬಿಗಿಯುವ 9.9 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್ನನ್ನು ಕೊಂಡೆ. ಕುಂದಾಪುರದ ಬಳಿ ಪಂಚಗಂಗಾವಳಿ ನದಿಯ ನಡುವೆ ಇನ್ನೂ ಸೇತುವೆ ಕಾಣದ ಪುಟ್ಟ ಕುದ್ರುವೊಂದರಲ್ಲಿ, ಅಂದರೆ ನಡುಗಡ್ಡೆಯಲ್ಲಿ, ನಮ್ಮ ಮನೆತನದ ತೆಂಗಿನ ತೋಟವಿದೆ. ಕಾಯಿ ಕೀಳಿಸುವ ದಿನ ಯಾರದ್ದಾದರೂ ದೋಣಿಗೆ ಕಾದು, ಅವರ ಅನುಕೂಲ ನೋಡಿಕೊಂಡು ಹೋಗಿಬರುವ ಕಷ್ಟದಿಂದ ಪಾರಾಗೋಣವೆಂದು, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಈ ಸಾಹಸಕ್ಕೆ ಇಳಿದೆ. ನದಿಯ ದಡದಲ್ಲೇ ಬೆಳೆದವನಾದರೂ ದೋಣಿಯ ಮಾಲೀಕನಾದದ್ದು ಇದೇ ಮೊದಲು. ದೋಣಿಯಲ್ಲಿ ಕುಳಿತು ಗೊತ್ತಿರುವುದಕ್ಕೂ ದೋಣಿಯನ್ನು ಇಟ್ಟುಕೊಳ್ಳುವುದಕ್ಕೂ ಇರುವ ದೂರವನ್ನು ಈ ಆರು ತಿಂಗಳಲ್ಲಿ ಅಳೆದಿದ್ದೇನೆ.

ಕೊಳ್ಳುವ ದಿನ ನಾನು ನೋಡಿದ್ದು ಇಂಜಿನ್ನನ್ನು ಮಾತ್ರ. ಹಗ್ಗ ಎಳೆದ ಎರಡನೆಯ ಸಲಕ್ಕೇ ಅದು ಹೊತ್ತಿಕೊಂಡಿತು, ಹೊಗೆ ಹೆಚ್ಚಿರಲಿಲ್ಲ, ಸದ್ದು ಸಮವಾಗಿತ್ತು. ದೋಣಿಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಆ ಬಣ್ಣವನ್ನು ನಾನು ಮಾರುವವರ ಅಕ್ಕರೆ ಎಂದು ತಿಳಿದೆ. ಹಳೆಯ ದೋಣಿ ಕೊಳ್ಳುವವರಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಇಂಜಿನ್ನಿನ ದೋಷವನ್ನು ಬಿಡಿಭಾಗ ತಂದು ಸರಿಪಡಿಸಬಹುದು, ಆದರೆ ಆ ಇಂಜಿನ್ ಕೂರುವ ಹಿಂಬದಿಯ ಹಲಗೆ, ಅಂದರೆ ಅಂಗಡಿಯವರು ಟ್ರಾನ್ಸಮ್ ಎನ್ನುವ ಭಾಗ, ಕೆಟ್ಟಿದ್ದರೆ ನೀವು ಕೊಂಡದ್ದು ದೋಣಿಯಲ್ಲ, ದೋಣಿಯ ಆಕಾರದ ತೊಟ್ಟಿ.

ನನಗೆ ಇದು ತಿಳಿದದ್ದು ಡಿಸೆಂಬರಿನ ಒಂದು ಬೆಳಿಗ್ಗೆ, ನದಿಯ ನಡುವೆ. ಅಮಾವಾಸ್ಯೆಯ ಮರುದಿನವಾದ್ದರಿಂದ ಇಳಿತದ ಸೆಳೆತ ಜೋರಾಗಿತ್ತು, ನೀರೆಲ್ಲ ಗಂಗೊಳ್ಳಿಯ ಅಳಿವೆಯ ಕಡೆಗೆ ಓಡುತ್ತಿತ್ತು. ಅದಕ್ಕೆ ಎದುರಾಗಿ ಹೋಗಬೇಕೆಂದು ನಾನು ಥ್ರಾಟಲನ್ನು ಪೂರ್ತಿ ತಿರುಗಿಸಿದಾಗ, ಹಿಂದಿನಿಂದ ಒಣ ಮಡಲು ಮುರಿದಂಥ ಸದ್ದು ಬಂತು. ತಿರುಗಿ ನೋಡಿದರೆ ಇಂಜಿನ್ ಒಂದು ಪಕ್ಕಕ್ಕೆ ವಾಲಿ, ಪ್ರೊಪೆಲ್ಲರ್ ಅರ್ಧ ನೀರಿನಿಂದ ಮೇಲೆದ್ದು ನೊರೆ ಎರಚುತ್ತಿತ್ತು. ಇಂಜಿನ್ನನ್ನು ಹಲಗೆಗೆ ಬಿಗಿಯುವ ಎರಡು ತಿರುಪುಗಳು ಬೆಣ್ಣೆಯಲ್ಲಿ ಬೆರಳು ಹೊಕ್ಕಂತೆ ಹಲಗೆಯೊಳಗೆ ಇಳಿದಿದ್ದವು. ಇಂಜಿನ್ನನ್ನು ಆರಿಸಿ, ಕೈಯಿಂದ ತಬ್ಬಿ ಹಿಡಿದು ಕುಳಿತೆ. ಪಕ್ಕದಲ್ಲೇ ಬಲೆ ಬಿಡುತ್ತಿದ್ದ ಪಾತಿ ದೋಣಿಯ ಇಬ್ಬರು ಬಂದು ಹಗ್ಗ ಕಟ್ಟಿ ದಡಕ್ಕೆ ಎಳೆದುಕೊಂಡು ಹೋದರು. ಎಳೆಯುವಾಗ ಅವರು ಒಂದೂ ಮಾತಾಡಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಗಿತ್ತು.

ಊರಿನಲ್ಲಿ ಫೈಬರ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆತಂದೆ. ಅವರು ಇಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡದೆ, ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತೆಗೆದುಕೊಂಡು ಅದರ ಹಿಡಿಯಿಂದ ದೋಣಿಯ ಬದಿಯನ್ನು ತಟ್ಟುತ್ತಾ ಹಿಂದಕ್ಕೆ ಬಂದರು. ಬದಿಯಲ್ಲಿ ಟಕ್ ಟಕ್ ಎನ್ನುತ್ತಿದ್ದ ಸದ್ದು ಹಿಂಬದಿಯ ಹಲಗೆಗೆ ಬರುತ್ತಲೇ ಕೊಳೆತ ಹಲಸಿನಕಾಯಿ ತಟ್ಟಿದಂತೆ ದಪ್ ದಪ್ ಎಂದಿತು. "ಇಂಜಿನ್ ಕಾಂಬುದ್ ಆಮೇಲೆ ಮರಾಯ್ರೆ, ಮೊದ್ಲ್ ಹಲ್ಗಿ ಕಾಣ್ಕ್," ಎಂದರು. ಒಳಭಾಗದಲ್ಲಿ ಸಣ್ಣ ಡ್ರಿಲ್ ಹಾಕಿದಾಗ ಹೊರಬಂದದ್ದು ಮರದ ಪುಡಿಯಲ್ಲ, ಕರಿಯ ಒದ್ದೆ ಹಿಟ್ಟು. ನಾರು ತೆಗೆಯಲು ಹಿನ್ನೀರಿನಲ್ಲಿ ಕೊಳೆ ಹಾಕಿದ ತೆಂಗಿನ ಸಿಪ್ಪೆಯನ್ನು ಮೇಲೆತ್ತಿದಾಗ ಬರುವ ವಾಸನೆ ಕರಾವಳಿಯವರಿಗೆ ಗೊತ್ತು. ಅದೇ ವಾಸನೆ.

ಹೊರಗಿನಿಂದ ನೋಡಿದರೆ ಫೈಬರ್ ದೋಣಿಯೆಲ್ಲ ಫೈಬರ್ ಎಂದೇ ಅನ್ನಿಸುತ್ತದೆ. ಆದರೆ ಇಂಜಿನ್ನಿನ ಭಾರ ಮತ್ತು ತಳ್ಳುವ ಬಲ ಎರಡನ್ನೂ ತಾಳಬೇಕಾದ ಹಿಂಬದಿಯಲ್ಲಿ, ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇಟ್ಟಿರುತ್ತಾರೆ. ಎಲ್ಲಿಯವರೆಗೆ ಆ ಮರಕ್ಕೆ ನೀರು ತಾಗುವುದಿಲ್ಲವೋ ಅಲ್ಲಿಯವರೆಗೆ ಅದು ಗಟ್ಟಿ. ಯಾರೋ ಒಬ್ಬರು ಬೋಲ್ಟ್ ಹಾಕಲು ತೂತು ಕೊರೆದು, ತೂತಿನ ಒಳಗೋಡೆಗೆ ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟು, ಹಚ್ಚದೆ ಬಿಟ್ಟರೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಪ್ಲೈವುಡ್ಡಿನ ಪದರಗಳು ವರ್ಷಗಟ್ಟಲೆ ನೀರು ಹೀರುತ್ತವೆ. ನನ್ನ ದೋಣಿಯಲ್ಲಿ ಅಂಥ ಹನ್ನೊಂದು ತೂತುಗಳಿದ್ದವು. ಅವುಗಳಲ್ಲಿ ಏಳನ್ನು ಕಾರುಗಳಿಗೆ ಬಳಸುವ ಪುಟ್ಟಿಯಿಂದ ಮುಚ್ಚಿ, ಮೇಲೆ ನೀಲಿ ಬಣ್ಣ ಬಳಿದಿದ್ದರು. ಮಾರಿದವರ ಮೇಲೆ ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹಳೆಯ ದೋಣಿಗೆ ಹೊಸ ಬಣ್ಣ ಏಕೆ ಎಂದು ಕೇಳದೆ ಇದ್ದದ್ದು ನಾನೇ.

ಸರಿಪಡಿಸುವ ಕೆಲಸ ಹೀಗೆ ಸಾಗಿತು. ಒಳಗಿನ ಫೈಬರ್ ಪದರವನ್ನು ಗ್ರೈಂಡರಿನಿಂದ ಕೊಯ್ದು ತೆಗೆದು, ಕೊಳೆತ ಮರವನ್ನೆಲ್ಲ ಉಳಿಯಿಂದ ಕೆರೆದು, ಜನವರಿಯಿಡೀ ದೋಣಿಯನ್ನು ಬಿಸಿಲಿಗೆ ಒಣಗಲು ಬಿಟ್ಟೆವು. ಈ ಒಣಗಿಸುವ ತಾಳ್ಮೆಯನ್ನು ಯಾರೂ ಕಡಿಮೆ ಮಾಡಬಾರದು, ಏಕೆಂದರೆ ತೇವವಿರುವ ಮೈಗೆ ರೆಸಿನ್ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ವರ್ಷದೊಳಗೆ ಸಿಪ್ಪೆಯಂತೆ ಎದ್ದು ಬರುತ್ತದೆ. ಆಮೇಲೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡಿನ 18 ಮಿಲಿಮೀಟರ್ ದಪ್ಪದ ಎರಡು ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ, ಅಂಚುಗಳಿಗೆಲ್ಲ ರೆಸಿನ್ ಕುಡಿಸಿ, ಜಾಗದಲ್ಲಿ ಕೂರಿಸಿ, ಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್ ಮ್ಯಾಟನ್ನು ನಾಲ್ಕು ಪದರ ಹಾಕಿದೆವು. ಮರದ ಅಂಗಡಿಯಲ್ಲಿ "ನೀರಿಗೆ ಏನೂ ಆಗೂದಿಲ್ಲ ಸಾರ್" ಎಂದು ಅರ್ಧ ಬೆಲೆಗೆ ತೋರಿಸುವ ಪ್ಲೈವುಡ್ ಅಡುಗೆಮನೆಯ ಕಪಾಟಿಗಾಯಿತು, ಇದಕ್ಕಲ್ಲ.

ರೆಸಿನ್ನಿನ ವಿಷಯದಲ್ಲಿ ನನ್ನ ಒಂದು ದಡ್ಡತನವನ್ನೂ ಹೇಳಬೇಕು. ಪಾಲಿಯೆಸ್ಟರ್ ರೆಸಿನ್ ಒಂದು ಕೆಜಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಹತ್ತರಿಂದ ಇಪ್ಪತ್ತು ಮಿಲಿಯಷ್ಟು ಸಾಕು. ಹಿರಿಯರು ಊಟಕ್ಕೆ ಹೋಗಿದ್ದಾಗ, ಬೇಗ ಗಟ್ಟಿಯಾಗಲಿ ಎಂಬ ಆಸೆಯಿಂದ ನಾನು ಎರಡು ಕೆಜಿಯನ್ನು ಒಮ್ಮೆಗೇ ಬಕೆಟ್ಟಿಗೆ ಸುರಿದು, ಅಳತೆ ಮೀರಿ ಹಾರ್ಡನರ್ ಬೆರೆಸಿದೆ. ಫೆಬ್ರವರಿಯ ಮಧ್ಯಾಹ್ನದ ಬಿಸಿಲು ಬೇರೆ. ಒಂದು ಪದರ ಹಚ್ಚುವಷ್ಟರಲ್ಲಿ ಬಕೆಟ್ಟಿನೊಳಗಿನದು ಹಲ್ವದಂತೆ ಗಟ್ಟಿಯಾಗಿ, ಕಾದು, ಹೊಗೆಯಾಡತೊಡಗಿತು, ಬಕೆಟ್ಟಿನ ತಳ ಮೆತ್ತಗಾಯಿತು. ಊಟ ಮುಗಿಸಿ ಬಂದ ಅವರು ಅದನ್ನು ಕೋಲಿನಿಂದ ಮರಳಿಗೆ ಉರುಳಿಸಿ, ಇನ್ನೊಂದು ಸಂಗತಿ ಹೇಳಿದರು: ರೆಸಿನ್ನಿಗೆ ಬೆರೆಸುವ ಕೋಬಾಲ್ಟ್ ದ್ರವವನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕದಡಿದ ಮೇಲೆಯೇ ಹಾರ್ಡನರ್ ಹಾಕಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಅವರ ಎಡಗೈಯ ಮೇಲಿನ ಕಲೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಹೊಸ ಹಲಗೆಗೆ ಬೋಲ್ಟಿನ ತೂತು ಹಾಕುವಾಗ ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆದು, ಅದನ್ನು ದಪ್ಪ ರೆಸಿನ್ನಿನಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆದರು. ಹೀಗೆ ಮಾಡಿದರೆ ಬೋಲ್ಟ್ ರೆಸಿನ್ನಿನ ಕೊಳವೆಯೊಳಗೆ ಇರುತ್ತದೆಯೇ ಹೊರತು ಮರವನ್ನು ಮುಟ್ಟುವುದಿಲ್ಲ. ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಕೆಲಸ ಇದು. ಎರಡು ಗಂಟೆಯ ಈ ಶ್ರಮವನ್ನು ಹಿಂದಿನವರು ಪಟ್ಟಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಇಂಜಿನ್ನಿನ ಕಥೆ ಇದರ ಮುಂದೆ ಸಣ್ಣದು. ಗೇರ್ ಬಾಕ್ಸಿನ ಎಣ್ಣೆ ತೆಗೆದಾಗ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿತ್ತು, ಅಂದರೆ ಸೀಲು ಸವೆದು ಒಳಗೆ ನೀರು ಹೋಗುತ್ತಿತ್ತು. ನೀರು ಎತ್ತುವ ಪಂಪಿನ ರಬ್ಬರ್ ಇಂಪೆಲ್ಲರಿನ ಆರು ರೆಕ್ಕೆಗಳಲ್ಲಿ ಎರಡು ಇರಲೇ ಇಲ್ಲ. ಔಟ್‌ಬೋರ್ಡ್ ಇಂಜಿನ್ ತನ್ನ ಮೈ ತಂಪಾಗಿಸಿಕೊಳ್ಳುವುದು ನದಿಯ ನೀರಿನಿಂದಲೇ. ಹಿಂದೆ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಎಳೆ ನಿಂತರೆ ಇಂಜಿನ್ನನ್ನೂ ನಿಲ್ಲಿಸಬೇಕು. ಅದಕ್ಕಾಗಿಯೇ ದಡದ ಮೇಲೆ ನೀರಿಲ್ಲದೆ "ಒಮ್ಮೆ ಸ್ಟಾರ್ಟ್ ಮಾಡಿ ತೋರಿಸಿ" ಎಂದು ಕೇಳುವವರು, ನಾನೂ ಹಾಗೆ ಕೇಳಿದವನೇ, ಆ ರಬ್ಬರಿನ ಆಯುಷ್ಯವನ್ನು ತಾವೇ ಕಳೆಯುತ್ತಾರೆ. ಈಗ ಪ್ರತಿ ಓಡಾಟದ ನಂತರ ನೀಲಿ ಡ್ರಮ್ಮಿನಲ್ಲಿ ಬಾವಿಯ ಸಿಹಿನೀರು ತುಂಬಿ, ಅದರಲ್ಲಿ ಇಂಜಿನ್ನಿನ ಕಾಲು ಮುಳುಗಿಸಿ, ಐದು ನಿಮಿಷ ಓಡಿಸಿ ಉಪ್ಪು ತೊಳೆಯುತ್ತೇನೆ.

ಇಂಧನದ ಬಗ್ಗೆ ಒಂದು ಮಾತು. ಇಲ್ಲಿಯ ನಾಡದೋಣಿಗಳು ಹೆಚ್ಚಾಗಿ ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುತ್ತವೆ. ರಿಯಾಯಿತಿಯ ಸೀಮೆಎಣ್ಣೆ ಮೀನುಗಾರರ ಹಕ್ಕು, ತೋಟಕ್ಕೆ ಹೋಗಿಬರುವ ನನ್ನದಲ್ಲ. ಹಾಗಾಗಿ ಪೆಟ್ರೋಲನ್ನೇ ಹತ್ತು ಲೀಟರಿಗೆ 200 ಮಿಲಿ 2ಟಿ ಆಯಿಲಿನ ಲೆಕ್ಕದಲ್ಲಿ ಬೆರೆಸುತ್ತೇನೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹೊಳೆಬದಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಹದಿನೈದು ದಿನ ಬಿಟ್ಟು ಬಂದಾಗ ಕಾರ್ಬೊರೇಟರಿನ ತಳದಲ್ಲಿ ನೀರಿನ ಗುಳ್ಳೆ ಕಂಡ ಮೇಲೆ, ಪೈಪ್ ಕಳಚಿ ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ ಕಾರ್ಬೊರೇಟರನ್ನು ಬರಿದು ಮಾಡುವುದನ್ನು ಕಲಿತೆ. ಹಳೆಯ ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆ.

ಅಂತರ್ಜಾಲದ ವೀಡಿಯೊಗಳಿಂದ ಕಲಿತು ಎಲ್ಲವನ್ನೂ ಸ್ವತಃ ಮಾಡಿ ಎಂಬ ಉಪದೇಶದಲ್ಲಿ ನನಗೆ ನಂಬಿಕೆ ಕಡಿಮೆಯಾಗಿದೆ. ನಾನು ನೋಡಿದ ವೀಡಿಯೊಗಳೆಲ್ಲ ಸಿಹಿನೀರಿನ ಸರೋವರದವು, ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಮನೆಯ ಗ್ಯಾರೇಜಿಗೆ ಒಯ್ಯುವವರವು. ಉಪ್ಪುನೀರಿನಲ್ಲಿ ವರ್ಷದ ಎಂಟು ತಿಂಗಳು ನಿಲ್ಲುವ ದೋಣಿಯ ಕಷ್ಟ ಅವರಿಗೆ ಇಲ್ಲ. ಒಂದು ಉದಾಹರಣೆ: ಇಂಜಿನ್ನಿನ ಕೆಳಭಾಗದಲ್ಲಿ ಸತುವಿನ ಸಣ್ಣ ತುಂಡೊಂದು ಇರುತ್ತದೆ. ಉಪ್ಪುನೀರು ಅಲ್ಯೂಮಿನಿಯಂ ಮೈಯನ್ನು ತಿನ್ನುವ ಬದಲು ಅದನ್ನು ತಿನ್ನಲಿ ಎಂದು ಇಟ್ಟದ್ದು. ಚೆಂದ ಕಾಣಲಿ ಎಂದು ನಾನು ಅದಕ್ಕೂ ಬೂದು ಬಣ್ಣ ಬಳಿದಿದ್ದೆ. ಬಣ್ಣ ಬಳಿದ ಸತುವು ಇದ್ದೂ ಇಲ್ಲದಂತೆ. ಫೈಬರ್ ಕೆಲಸದ ಹಿರಿಯರು ಉಗುರಿನಿಂದ ಕೆರೆದು ತೋರಿಸಿ, "ಇದಕ್ಕೂ ಪೌಡರ್ ಹಾಕಿದ್ರ್ಯಾ?" ಎಂದು ನಕ್ಕರು. ಕೈಯಲ್ಲಿ ಮಾಡಬಹುದಾದದ್ದನ್ನು ಮಾಡೋಣ, ಆದರೆ ತಿಳಿದವರು ಪಕ್ಕದಲ್ಲಿ ನಿಂತಿರಲಿ, ಅವರಿಗೆ ಸಲ್ಲಬೇಕಾದ ಕೂಲಿಯೂ ಸಲ್ಲಲಿ.

ಕಾಗದಪತ್ರಗಳಲ್ಲಿಯೂ ಒಂದು ತೊಡಕಿತ್ತು. ದೋಣಿಯ ಮೇಲೆ ಐಎನ್‌ಡಿ ಕೆಎ ಎಂದು ಆರಂಭವಾಗುವ ಮೀನುಗಾರಿಕೆಯ ನೋಂದಣಿ ಸಂಖ್ಯೆ ಬರೆದಿತ್ತು, ಆದರೆ ಕಾಗದದಲ್ಲಿದ್ದ ಇಂಜಿನ್ನಿನ ಸಂಖ್ಯೆ ಬೇರೆಯದಾಗಿತ್ತು. ಮೀನು ಹಿಡಿಯದೆ ಸ್ವಂತ ಓಡಾಟಕ್ಕೆ ಒಳನಾಡಿನ ನೀರಿನಲ್ಲಿ ಯಂತ್ರದ ದೋಣಿ ಇಡುವವರಿಗೆ ಬೇರೆಯದೇ ಕಾನೂನು ಇದೆ, 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ. ಹಣ ಕೊಡುವ ಮೊದಲೇ ಬಂದರು ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಬೇಕಿತ್ತು. ನಾನು ಹೋದದ್ದು ಆಮೇಲೆ.

ಒಟ್ಟು ಖರ್ಚು ಕೇಳುವವರಿಗೆ: ಪ್ಲೈವುಡ್, ರೆಸಿನ್, ಮ್ಯಾಟಿಗೆ 14,500, ಕೂಲಿ 9,000, ಇಂಜಿನ್ನಿಗೆ 11,300, ಬಣ್ಣಕ್ಕೆ 3,800, ನಾಲ್ಕು ಲೈಫ್ ಜಾಕೆಟ್ಟಿಗೆ 4,800. ಅಂದರೆ 62,000ದ ದೋಣಿ 1,05,400 ಆಯಿತು. ಹಲಗೆಯನ್ನು ತಟ್ಟಿ ನೋಡಿ ಚೌಕಾಶಿ ಮಾಡಿದ್ದರೆ ಅದನ್ನು ನಲವತ್ತು ಸಾವಿರಕ್ಕಿಂತ ಹೆಚ್ಚಿಗೆ ಯಾರೂ ಕೊಳ್ಳುತ್ತಿರಲಿಲ್ಲ. ನನ್ನ ಹೆಂಡತಿ ಈ ಲೆಕ್ಕವನ್ನು ತೆಂಗಿನಕಾಯಿಯ ದರಕ್ಕೆ ತಾಳೆ ಹಾಕಿ, ಎಷ್ಟು ವರ್ಷದ ಕಾಯಿ ಎಂದು ಒಂದು ಸಂಖ್ಯೆಯನ್ನು ಹೇಳಿದ್ದಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಏಪ್ರಿಲಿನಿಂದ ದೋಣಿ ಓಡುತ್ತಿದೆ. ಇಳಿತಕ್ಕೆ ಎದುರಾಗಿ ಪೂರ್ತಿ ಥ್ರಾಟಲ್ ಕೊಟ್ಟಾಗಲೂ ಹಲಗೆ ಮಿಸುಕುವುದಿಲ್ಲ, ನಾನು ಮಾತ್ರ ಈಗಲೂ ಹಿಂದಿರುಗಿ ನೋಡುತ್ತೇನೆ. ಆದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ದೋಣಿಯ ತಳದಲ್ಲಿ ಎರಡು ಗೆರಟೆಯಷ್ಟು ನೀರು ಇರುತ್ತದೆ. ನೆಕ್ಕಿ ನೋಡಿದೆ, ಉಪ್ಪಾಗಿದೆ, ಆದ್ದರಿಂದ ಇಬ್ಬನಿಯಲ್ಲ. ಎಲ್ಲಿಂದ ಬರುತ್ತಿದೆ ಎಂದು ಇನ್ನೂ ಗೊತ್ತಾಗಿಲ್ಲ. ಮಳೆ ಹಿಡಿಯುವ ಮೊದಲು ಮೇಲಕ್ಕೆಳೆದು ಬೋರಲು ಹಾಕಿದಾಗ, ಮತ್ತೆ ಸ್ಕ್ರೂಡ್ರೈವರಿನ ಹಿಡಿ ಹಿಡಿದು ಮುಂಭಾಗದಿಂದ ತಟ್ಟುತ್ತಾ ಬರಬೇಕು.