ಹಾಳೆಗೊಂದು ಒಗ್ಗರಣೆ

ಹಾಲಿಗೆ ನೀರು ಬೆರೆಸಿದವನಿಗೆ ದಂಡ ಹಾಕುವ ಈ ಲೋಕದಲ್ಲಿ, ಇಂಗಾಲದ ಹಾಳೆಗೆ ಸಾರಜನಕವನ್ನೋ ಗಂಧಕವನ್ನೋ ಬೆರೆಸಿದವನಿಗೆ ಪ್ರಬಂಧ, ಪದವಿ, ಬಡ್ತಿ ಮೂರೂ ದೊರೆಯುತ್ತವೆ. ಒಂದೇ ಪರಮಾಣುವಿನಷ್ಟು ದಪ್ಪದ, ಗ್ರಾಫೀನ್ ಎಂಬ ಈ ಇಂಗಾಲದ ಹಾಳೆಯನ್ನು ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರು 2004ರಲ್ಲಿ ಬರಿಯ ಅಂಟುಪಟ್ಟಿ ಬಳಸಿ ಸುಲಿದು ತೋರಿಸಿದರು. 2010ರಲ್ಲಿ ನೊಬೆಲ್ ಪಡೆದರು. ಸುಲಿಯುವ ಕೆಲಸಕ್ಕೆ ಬಹುಮಾನ ಸಂದು ಹೋದ ಮೇಲೆ ಉಳಿದವರ ಪಾಲಿಗೆ ಬೇರೆ ಧಾತು ಬೆರೆಸುವ ಒಗ್ಗರಣೆಯೇ ಗತಿಯಾಯಿತು.

ಗಣಕ ರಸಾಯನಶಾಸ್ತ್ರಜ್ಞನ ಅಡುಗೆಮನೆಯಲ್ಲಿ ಹೊಗೆಯಿಲ್ಲ, ಘಾಟಿಲ್ಲ. ಪರದೆಯ ಮೇಲಿನ ಜೇನುಗೂಡಿನಂಥ ಜಾಲದಿಂದ ಒಂದು ಇಂಗಾಲವನ್ನು ಕಿತ್ತು, ಆ ಜಾಗದಲ್ಲಿ ಬೋರಾನನ್ನು ಕೂರಿಸಿ, ಎಲೆಕ್ಟ್ರಾನ್ ಸಾಂದ್ರತೆಯ ಲೆಕ್ಕವನ್ನು ರಾತ್ರಿಯಿಡೀ ಕುದಿಯಲು ಬಿಟ್ಟರೆ, ಹೈಡ್ರೋಜನ್ ಆ ಹಾಳೆಗೆ ಅಂಟುವಾಗಿನ ಮುಕ್ತ ಶಕ್ತಿ (ಅಂಟು ಎಷ್ಟು ಬಿಗಿ ಎಂಬುದರ ಅಳತೆ) ಎಷ್ಟೆಂಬ ಸಂಖ್ಯೆ ಬೆಳಗಿನ ಕಾಫಿಗೆ ಮುಂಚೆ ಇಳಿಯುತ್ತದೆ. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ, ನೀರಿನಿಂದ ಹೈಡ್ರೋಜನ್ ಬಿಡಿಸುವ ಕ್ರಿಯೆಗೆ ವೇಗ ಕೊಡುವ ದುಬಾರಿ ಪ್ಲಾಟಿನಮ್ಮಿಗೆ ಇನ್ನೊಬ್ಬ ಪ್ರತಿಸ್ಪರ್ಧಿ ಹುಟ್ಟಿದ ಹಾಗೆ. ಬೋರಾನಿನದೇ ಹಾಳೆ 2015ರಲ್ಲಿ ನಿಜವಾಗಿ ಮೈತಳೆದಾಗ ಅದಕ್ಕೆ ಬೆಳ್ಳಿಯ ಹಾಸಿಗೆ ಬೇಕಾಯಿತು. ಪರದೆಯ ಮೇಲಿನ ಹಾಳೆಗಳು ಅಷ್ಟು ಸುಖಕ್ಕೆ ಆಸೆಪಡುವುದಿಲ್ಲ, ನಿರ್ವಾತದಲ್ಲೇ ನಿಶ್ಚಿಂತೆಯಿಂದ ತೇಲುತ್ತವೆ.

ಈ ಸಂಭ್ರಮವನ್ನು ನೋಡಿ ನೋಡಿ ಬೇಸತ್ತ ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಮಾರ್ಟಿನ್ ಪುಮೆರಾ ಮತ್ತು ಸಂಗಡಿಗರು, ಗ್ರಾಫೀನಿಗೆ ಯಾವ ಕಸ ತುರುಕಿದರೂ ಅದು ಚುರುಕಾಗುತ್ತದೆಯೇ ಎಂದು ಕೇಳಿ, 2020ರಲ್ಲಿ ಹಕ್ಕಿಯ ಹಿಕ್ಕೆಯನ್ನೇ ಬೆರೆಸಿ ಪರೀಕ್ಷಿಸಿದರು. ಬೆರಕೆಯಿಲ್ಲದ ಗ್ರಾಫೀನಿಗಿಂತ ಹಿಕ್ಕೆಯ ಗ್ರಾಫೀನ್ ವಿದ್ಯುತ್ತಿನ ಬಲದಿಂದ ನಡೆಯುವ ಕ್ರಿಯೆಗಳನ್ನು ಚುರುಕುಗೊಳಿಸುವ ಉತ್ತಮ ವಿದ್ಯುತ್‌ವೇಗವರ್ಧಕವೆಂದು ಸಾಬೀತಾಯಿತು, ಪ್ರಬಂಧ 'ಎಸಿಎಸ್ ನ್ಯಾನೊ' ಪತ್ರಿಕೆಯಲ್ಲಿ ಅಚ್ಚೂ ಆಯಿತು. (ವಿಡಂಬನೆ ಬರೆಯುವವರ ಹೊಟ್ಟೆಗೆ ವಿಜ್ಞಾನಿಗಳೇ ಕಲ್ಲು ಹಾಕಿದರೆ ಏನು ಮಾಡುವುದು?) ಬೆರೆಸಲು ಯೋಗ್ಯವಾದ ಧಾತುಗಳು 84 ಎಂದಿಟ್ಟುಕೊಂಡರೆ ಒಂಟಿ ಒಗ್ಗರಣೆಗೆ 84 ಪ್ರಬಂಧ, ಜೋಡಿಗೆ 3,486, ಮೂರಕ್ಕೆ 95,284, ನಾಲ್ಕಕ್ಕೆ ಸುಮಾರು 20 ಲಕ್ಷ ಎಂದು ಅವರು ಪಟ್ಟಿ ಕೊಟ್ಟರು. ಅಲ್ಲಿಗೇ ನಿಲ್ಲಿಸಿದ್ದು ಅವರ ಸಂಕೋಚ. ಅದೇ ಗುಣಾಕಾರವನ್ನು ನಾನು ಐದನೆಯ ಧಾತುವಿಗೆ ಎಳೆದಾಗ 3 ಕೋಟಿ ದಾಟಿತು.

ಇಷ್ಟೆಲ್ಲ ಆದರೂ ಹಿಕ್ಕೆಯ ಎದುರು ಗಣಕ ಕೈಚೆಲ್ಲಿ ಕುಳಿತಿದೆ. ಸಾರಜನಕಕ್ಕಾದರೆ ಜಾಲದಲ್ಲಿ ಗೊತ್ತಾದ ಒಂದು ಸ್ಥಾನವಿದೆ. ಹಿಕ್ಕೆಯ ಪರಮಾಣುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ಹೇಳಬೇಕಾದರೆ, ಹಕ್ಕಿ ಹಿಂದಿನ ದಿನ ಏನು ತಿಂದಿತ್ತೆಂಬುದನ್ನು ಮೊದಲು ವಿಚಾರಿಸಬೇಕು.